ಡಿಗ್ರಿಗೊಂದು ಕೊಡ ಗಾಳಿ

ಅಮೋಘಸಿದ್ಧನ ಊರಾದ ನಮ್ಮ ಅರಕೇರಿಯಲ್ಲಿ ಡಿಸೆಂಬರ್ ತಿಂಗಳ ಬೆಳಗಿನ ಜಾವ ಗಾಳಿ 12 ಡಿಗ್ರಿಗೆ ಇಳಿಯುವುದುಂಟು. ಮೇ ತಿಂಗಳ ಮಧ್ಯಾಹ್ನ ಅದೇ ಗಾಳಿ 42 ಡಿಗ್ರಿ ದಾಟುವುದೂ ಉಂಟು. ಚಳಿಗಾಲದಲ್ಲಿ ನೂರು ಕೊಡಗಳಲ್ಲಿ ಹಿಡಿಸುವಷ್ಟು ಗಾಳಿಗೆ ಬೇಸಿಗೆಯಲ್ಲಿ ನೂರಾ ಹತ್ತು ಕೊಡ ಬೇಕು. ಹಾಗಂತ ಗಾಳಿ ಗುಲಗಂಜಿಯಷ್ಟೂ ಹೆಚ್ಚಾಗಿರುವುದಿಲ್ಲ. ಅದು ಕೇಳುವ ಜಾಗ ಮಾತ್ರ ಹೆಚ್ಚಾಗಿರುತ್ತದೆ.

ಇದಕ್ಕೆ ಪುಸ್ತಕದಲ್ಲಿ ಚಾರ್ಲ್ಸ್ ನಿಯಮ ಎಂದು ಹೆಸರು. ಒತ್ತಡ ಬದಲಾಗದೆ ಇದ್ದರೆ ಬಿಸಿ ಏರಿದಂತೆ ಅನಿಲದ ಗಾತ್ರ ಏರುತ್ತದೆ, ಬಿಸಿ ಇಳಿದಂತೆ ಗಾತ್ರ ಇಳಿಯುತ್ತದೆ. ಪಿಯುಸಿಯಲ್ಲಿ ಎರಡು ಮಾರ್ಕ್ಸಿನ ಪ್ರಶ್ನೆಯಾಗಿ, ಸಿಇಟಿಯಲ್ಲಿ ಒಂದು ನಿಮಿಷದ ಲೆಕ್ಕವಾಗಿ ನಾವೆಲ್ಲ ಇದನ್ನು ದಾಟಿ ಬಂದವರೇ. ಈಗ ಬಿಇ ಮೆಕ್ಯಾನಿಕಲ್ ಓದುವಾಗ ಥರ್ಮೋಡೈನಾಮಿಕ್ಸ್ ಪುಸ್ತಕದ ಅರ್ಧ ಪುಟದಲ್ಲಿ ಮತ್ತೆ ಎದುರಾಗಿದೆ. ಆದರೆ ಈ ನಿಯಮವನ್ನು ಕಣ್ಣಾರೆ ಎಲ್ಲಿ ನೋಡಬಹುದು ಎಂದು ಕೇಳಿದರೆ ಕ್ಲಾಸಿನಲ್ಲಿ ಹೆಚ್ಚಿನವರು ಸುಮ್ಮನಾಗುತ್ತಾರೆ.

ಸುಮ್ಮನಾಗಲು ಕಾರಣವೂ ಇದೆ. ನಮ್ಮ ಸುತ್ತ ಅನಿಲ ತುಂಬಿದ ವಸ್ತುಗಳೆಲ್ಲ ಬಿಗಿಯಾಗಿ ಮುಚ್ಚಿದಂಥವು. ಬೈಕಿನ ಟೈರು ಬಿಸಿಲಿಗೆ ಕಾದರೆ ಗಾತ್ರ ಅಷ್ಟೇನೂ ಬದಲಾಗುವುದಿಲ್ಲ, ಒಳಗಿನ ಒತ್ತಡ ಏರುತ್ತದೆ. ಅಡುಗೆ ಮನೆಯ ಸಿಲಿಂಡರಿನಲ್ಲಿ ಇರುವುದು ಹೆಚ್ಚಾಗಿ ದ್ರವ. ಚಾರ್ಲ್ಸ್ ನಿಯಮ ಕಾಣಬೇಕಾದರೆ ಒಳಗಿನ ಅನಿಲ ಹಿಗ್ಗಿದಾಗ ತಾನೂ ಹಿಗ್ಗುವ, ಕುಗ್ಗಿದಾಗ ತಾನೂ ಕುಗ್ಗುವ ಪಾತ್ರೆ ಬೇಕು. ಅಂಥ ಪಾತ್ರೆ ನಮ್ಮ ಮನೆಯ ಹಿತ್ತಲಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ಇದೆ. ಅದು ಗೋಬರ್ ಗ್ಯಾಸಿನ ಡ್ರಮ್.

ಹಿತ್ತಲಿನ ಪ್ರಯೋಗಾಲಯ

ಈಗಿನ ಗೋಬರ್ ಗ್ಯಾಸ್ ಘಟಕಗಳು ಬಹುತೇಕ ನೆಲದೊಳಗೆ ಮುಚ್ಚಿಹೋಗುವ ಗುಮ್ಮಟದಂಥ ‘ದೀನಬಂಧು’ ಮಾದರಿಯವು. ನಮ್ಮ ಮುತ್ಯಾ ಕಟ್ಟಿಸಿದ್ದು ಹಳೆಯ ಮಾದರಿ. 1950ರ ದಶಕದಲ್ಲಿ ಜಶ್‌ಭಾಯಿ ಪಟೇಲ್ ರೂಪಿಸಿದ ವಿನ್ಯಾಸವನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 60ರ ದಶಕದಲ್ಲಿ ದೇಶದ ತುಂಬ ಹರಡಿತು. ನೆಲದಲ್ಲಿ ಬಾವಿಯಂತೆ ಕಟ್ಟಿದ ಗುಂಡಿ, ಅದರ ತುಂಬ ಸಗಣಿ ರಾಡಿ, ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್. ಸಗಣಿ ಕೊಳೆತಾಗ ಹುಟ್ಟುವ ಗ್ಯಾಸ್ ಡ್ರಮ್ಮಿನೊಳಗೆ ಸೇರುತ್ತದೆ, ಡ್ರಮ್ ತೇಲುತ್ತ ಮೇಲೇಳುತ್ತದೆ. ಒಲೆ ಹಚ್ಚಿದರೆ ಗ್ಯಾಸ್ ಖರ್ಚಾಗುತ್ತದೆ, ಡ್ರಮ್ ಇಳಿಯುತ್ತದೆ.

ಇದರಲ್ಲಿ ಒಂದು ಸೊಗಸಿದೆ. ಒಳಗಿನ ಗ್ಯಾಸಿನ ಮೇಲೆ ಇರುವುದು ಎರಡೇ ಭಾರ: ಒಂದು ಹೊರಗಿನ ಗಾಳಿಯದು, ಇನ್ನೊಂದು ಡ್ರಮ್ಮಿನ ಸ್ವಂತ ತೂಕದ್ದು. ಡ್ರಮ್ ಮೇಲಿದ್ದರೂ ಅಷ್ಟೇ ತೂಕ, ಕೆಳಗಿದ್ದರೂ ಅಷ್ಟೇ ತೂಕ. ಆದ್ದರಿಂದ ಒಳಗಿನ ಒತ್ತಡ ಹೊರಗಿನದಕ್ಕಿಂತ ಯಾವಾಗಲೂ ಸುಮಾರು ಹತ್ತು ಸೆಂ.ಮೀ. ನೀರಿನ ಭಾರದಷ್ಟೇ ಹೆಚ್ಚು. ಒತ್ತಡ ಸ್ಥಿರ, ಗಾತ್ರ ಕಣ್ಣಿಗೆ ಕಾಣುವಂಥದ್ದು. ಪಠ್ಯಪುಸ್ತಕದ ಚಿತ್ರದಲ್ಲಿರುವ ಕೊಳವೆ ಮತ್ತು ಪಿಸ್ಟನ್ ಇದೇ. ನಮ್ಮದು ಎಮ್ಮೆ ಕಟ್ಟುವ ಜಾಗದ ಪಕ್ಕದಲ್ಲಿದೆ, ಅಷ್ಟೇ ವ್ಯತ್ಯಾಸ.

ನಮ್ಮ ಮನೆಯಲ್ಲಿ ಅವ್ವ ಗಡಿಯಾರಕ್ಕಿಂತ ಹೆಚ್ಚು ನೋಡುವುದು ಈ ಡ್ರಮ್ಮನ್ನು. ಎಷ್ಟು ರೊಟ್ಟಿ ಗ್ಯಾಸಿನ ಮೇಲೆ ಬೇಯುತ್ತವೆ, ಯಾವ ಹೊತ್ತಿಗೆ ಕಟ್ಟಿಗೆ ಒಲೆ ಹಚ್ಚಬೇಕು, ಪೇಟೆಯಿಂದ ತಂದ ಸಿಲಿಂಡರ್ ಇನ್ನೆಷ್ಟು ದಿನ ತಳ್ಳಬೇಕು ಎಂಬ ಲೆಕ್ಕವೆಲ್ಲ ಅದರ ಎತ್ತರದ ಮೇಲೆ. ಆಯಿಯದೊಂದು ಮಾತಿದೆ. ‘ಬೆಳಿಗ್ಗಿ ಎಷ್ಟ ಇರ್ತೈತಿ ಅಷ್ಟ ಖರೆ. ಮಧ್ಯಾಹ್ನದಾಗ ಬಿಸಲಿಗೆ ಉಬ್ಬಿರ್ತೈತಿ, ಅದನ್ನ ನಂಬಬ್ಯಾಡ್ರಿ.’

ಆಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಈ ಮಾತಿನಲ್ಲಿ ಚಾರ್ಲ್ಸ್ ನಿಯಮ ಪೂರ್ತಿ ಇದೆ.

ಸೋರಿಕೆಯೋ, ಚಳಿಯೋ?

ಕಳೆದ ಚಳಿಗಾಲದಲ್ಲಿ ಈ ಡ್ರಮ್ಮಿನ ಬಗ್ಗೆ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಮಧ್ಯಾಹ್ನ ಮೂರರ ಹೊತ್ತಿಗೆ ಚೆನ್ನಾಗಿ ಏರಿರುತ್ತಿದ್ದ ಡ್ರಮ್, ಯಾರೂ ಒಲೆ ಹಚ್ಚದೆ ಇದ್ದರೂ ಮರುದಿನ ಬೆಳಿಗ್ಗೆ ಕೆಳಗಿಳಿದಿರುತ್ತಿತ್ತು. ‘ಹಗಲೆಲ್ಲಾ ಏರಿದ್ದು ರಾತ್ರಿ ಎಲ್ಲಿ ಹೋತು? ಎಲ್ಲೋ ಸೋರಾಕತ್ತೈತಿ’ ಎಂದ ಕಾಕಾ, ಪೈಪಿನ ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿದ. ಎಲ್ಲೂ ಗುಳ್ಳೆ ಏಳಲಿಲ್ಲ. ಕೊನೆಗೆ ಬೇಸತ್ತು, ‘ಇದನ್ನ ಮುಚ್ಚಿ ಇನ್ನೊಂದ ಸಿಲಿಂಡರ್ ತಗೊಂಡ್ರಾತು’ ಎಂದುಬಿಟ್ಟ.

ಮುಚ್ಚುವುದೆಂದರೆ ಸಣ್ಣ ಮಾತಲ್ಲ. 25 ಕೆ.ಜಿ. ಸಗಣಿಗೆ ಸುಮಾರು ಒಂದು ಘನ ಮೀಟರ್ ಗ್ಯಾಸ್ ಬರುತ್ತದೆ. ಅದು ಅರ್ಧ ಕೆ.ಜಿ.ಗಿಂತ ತುಸು ಕಡಿಮೆ ಎಲ್‌ಪಿಜಿಗೆ ಸಮ. ದಿನವೂ ಅಷ್ಟು ಉಳಿದರೆ ತಿಂಗಳಿಗೆ ಹೆಚ್ಚೂಕಡಿಮೆ ಒಂದು ಸಿಲಿಂಡರಿನ ದುಡ್ಡು ಉಳಿದಂತೆ. ಅದರ ಮೇಲೆ ದ್ರಾಕ್ಷಿ ಪಡಕ್ಕೆ ಹೋಗುವ ರಾಡಿಗೊಬ್ಬರ ಬೇರೆ. ಸಿಲಿಂಡರ್ ಮುಗಿದ ದಿನ ಹೊಗೆ ಕುಡಿಯಬೇಕಾದವಳು ಅವ್ವ. ಹಾಗಾಗಿ ಕಾಕಾ ತೀರ್ಮಾನಕ್ಕೆ ಬರುವ ಮೊದಲು ಒಂದು ದಿನ ಪರೀಕ್ಷೆ ಮಾಡೋಣ ಎಂದು ಒಪ್ಪಿಸಿದೆ.

ಪರೀಕ್ಷೆ ತೀರಾ ಸರಳ. ಭಾನುವಾರ ಬೆಳಿಗ್ಗೆ ಆರಕ್ಕೆ ಒಲೆಯ ಕಡೆ ಹೋಗುವ ವಾಲ್ವ್ ಬಂದ್ ಮಾಡಿದೆವು. ಡ್ರಮ್ ಕಟ್ಟೆಯ ಅಂಚಿಗೆ ತಾಗುವ ಜಾಗದಲ್ಲಿ ಸುಣ್ಣದ ಗೆರೆ ಎಳೆದೆವು. ಮಧ್ಯಾಹ್ನ ಮೂರಕ್ಕೆ ಗೆರೆ ಕಟ್ಟೆಯಿಂದ ಬಹಳ ಮೇಲೆ ಹೋಗಿತ್ತು. ರಾತ್ರಿ ಮತ್ತೆ ಇಳಿಯತೊಡಗಿತು. ‘ನೋಡು, ಇಳೀತು’ ಎಂದ ಕಾಕಾ. ಆದರೆ ನಿಜವಾದ ಉತ್ತರ ಇದ್ದದ್ದು ಮರುದಿನ ಬೆಳಗಿನ ಆರು ಗಂಟೆಯಲ್ಲಿ. ಅದೇ ಹೊತ್ತು, ಹೆಚ್ಚೂಕಡಿಮೆ ಅದೇ ಚಳಿ. ಗೆರೆ ಕಟ್ಟೆಗಿಂತ ಮೇಲೆಯೇ ಇತ್ತು. ಹುಟ್ಟಿದ್ದಕ್ಕಿಂತ ಹೆಚ್ಚು ಗ್ಯಾಸ್ ಸೋರಿದ್ದರೆ ಅದು ಕಟ್ಟೆಗಿಂತ ಕೆಳಗಿರಬೇಕಿತ್ತು. ಮೇಲಿದ್ದದ್ದು ಒಂದು ದಿನದಲ್ಲಿ ಹುಟ್ಟಿದ ಹೊಸ ಗ್ಯಾಸಿನ ಲೆಕ್ಕ. ಮಧ್ಯಾಹ್ನ ಅದಕ್ಕಿಂತ ಹೆಚ್ಚು ಏರಿದ್ದು ಬಿಸಿಲಿನ ಲೆಕ್ಕ.

ನಿಮ್ಮ ಮನೆಯಲ್ಲಿ ಡ್ರಮ್ ಇರುವ ಘಟಕವಿದ್ದರೆ ಇಷ್ಟನ್ನು ನೆನಪಿಡಿ. ಮಧ್ಯಾಹ್ನವನ್ನು ಬೆಳಗಿನ ಜೊತೆ ಹೋಲಿಸಬೇಡಿ. ಬೆಳಗನ್ನು ಬೆಳಗಿನ ಜೊತೆಗೇ ಹೋಲಿಸಿ.

ಅವ್ವನಿಗೆ ಹೇಳಿದ ಸೂತ್ರ

‘ಬಿಸಲಿಗೆ ಉಬ್ಬತೈತಿ ಅನ್ನೂದ ಗೊತ್ತೈತಿ. ಎಷ್ಟ ಉಬ್ಬತೈತಿ ಅನ್ನೂದ ಹೇಳ ನೀ’ ಎಂದಳು ಅವ್ವ. ವಿ ಒನ್ ಬೈ ಟಿ ಒನ್ ಎಂದು ಶುರು ಮಾಡಿದರೆ ಅವಳು ಎದ್ದು ಹೋಗುತ್ತಾಳೆ. ಅದಕ್ಕೆ ಕೊಡದ ಲೆಕ್ಕ ಹೇಳಿದೆ.

ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿಯಲ್ಲಿ ನಿಮ್ಮ ಹತ್ತಿರ 273 ಕೊಡ ಗಾಳಿ ಇದೆ ಎಂದುಕೊಳ್ಳಿ. ಒಂದು ಡಿಗ್ರಿ ಬಿಸಿ ಏರಿದರೆ ಅದು 274 ಕೊಡ ಆಗುತ್ತದೆ. ಎರಡು ಡಿಗ್ರಿಗೆ 275. ಡಿಗ್ರಿಗೊಂದು ಕೊಡ. 12 ಡಿಗ್ರಿಯಲ್ಲಿ 285 ಕೊಡ, 42 ಡಿಗ್ರಿಯಲ್ಲಿ 315 ಕೊಡ. 285ಕ್ಕೆ 30 ಸೇರಿದರೆ ನೂರಕ್ಕೆ ಹತ್ತೂವರೆ ಹೆಚ್ಚಾದಂತೆ. ಮೊದಲು ಹೇಳಿದ ನೂರಾ ಹತ್ತರ ಲೆಕ್ಕ ಬಂದದ್ದು ಇಲ್ಲಿಂದ. ಹೆಚ್ಚು ಒತ್ತಡದಲ್ಲಿ ಇಲ್ಲದ, ದ್ರವವಾಗುವ ಹಂತಕ್ಕೆ ಬಾರದ ಯಾವ ಅನಿಲಕ್ಕಾದರೂ ಈ ಲೆಕ್ಕ ಬಹುತೇಕ ಸರಿಹೊಂದುತ್ತದೆ. ಆಮ್ಲಜನಕವಾದರೂ ಅಷ್ಟೇ, ಮೀಥೇನ್ ಆದರೂ ಅಷ್ಟೇ.

ಇದನ್ನು ಹಿಂದಕ್ಕೆ ಎಣಿಸಿ ನೋಡಿ. ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ 272 ಕೊಡ, ಹತ್ತು ಡಿಗ್ರಿ ಕೆಳಗೆ 263. ಹೀಗೇ ಇಳಿಯುತ್ತ ಹೋದರೆ ಮೈನಸ್ 273ಕ್ಕೆ ಒಂದು ಕೊಡವೂ ಉಳಿಯಬಾರದು. ನಿಜದಲ್ಲಿ ಅನಿಲಗಳು ಅದಕ್ಕಿಂತ ಮೊದಲೇ ದ್ರವವಾಗಿಬಿಡುತ್ತವೆ. ಆದರೂ ಲೆಕ್ಕದ ಗೆರೆ ಬೆರಳು ಮಾಡಿ ತೋರಿಸುವ ಜಾಗ ಅದು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು, 1848ರಲ್ಲಿ ಅಲ್ಲಿಂದಲೇ ಎಣಿಕೆ ಶುರುವಾಗುವ ತಾಪಮಾನದ ಅಳತೆಯನ್ನು ಮುಂದಿಟ್ಟರು. ಚಾರ್ಲ್ಸ್ ನಿಯಮದ ಲೆಕ್ಕದಲ್ಲಿ ಸೆಲ್ಸಿಯಸ್ಸಿಗೆ 273 ಕೂಡಿಸುವುದು ಇದಕ್ಕೇ. 20 ಡಿಗ್ರಿಯ ಗಾಳಿ 40 ಡಿಗ್ರಿಗೆ ಏರಿದರೆ ಅದು ಎರಡು ಪಟ್ಟಾಗುವುದಿಲ್ಲ. 293 ಕೊಡ ಇದ್ದದ್ದು 313 ಆಗುತ್ತದೆ, ಅಂದರೆ ನೂರಕ್ಕೆ ಏಳು ಹೆಚ್ಚು. ಎರಡು ಪಟ್ಟಾಗಬೇಕಾದರೆ 313 ಡಿಗ್ರಿಗೆ ಕಾಯಿಸಬೇಕು.

ಈಗ ಡ್ರಮ್ಮಿಗೆ ಬರೋಣ. ಚಳಿಗಾಲದ ಬೆಳಿಗ್ಗೆ ಒಳಗಿನ ಗ್ಯಾಸ್ 15 ಡಿಗ್ರಿ, ಅದರ ಎತ್ತರ 80 ಸೆಂ.ಮೀ. ಎಂದಿಟ್ಟುಕೊಳ್ಳಿ. ಕಪ್ಪು ಬಣ್ಣದ ಕಬ್ಬಿಣ ಬಿಸಿಲಿಗೆ ಕಾದು ಮಧ್ಯಾಹ್ನ ಒಳಗಿನ ಗ್ಯಾಸ್ 40 ಡಿಗ್ರಿಗೆ ಬಂತು. 288 ಕೊಡ ಇದ್ದದ್ದು 313 ಆಯಿತು. 80 ಸೆಂ.ಮೀ. ಇದ್ದದ್ದು 87 ಆಯಿತು. ನಾಲ್ಕು ಬೆರಳಿನ ಅಗಲದಷ್ಟು ಏರಿಕೆ.

ಅಲ್ಲಿಗೇ ಮುಗಿಯುವುದಿಲ್ಲ. ಒಳಗೆ ಒದ್ದೆ ರಾಡಿ ಇದೆ. ಬಿಸಿ ಏರಿದಂತೆ ನೀರಿನ ಆವಿಯೂ ಗ್ಯಾಸಿನ ಜೊತೆ ಸೇರಿಕೊಳ್ಳುತ್ತದೆ. 15 ಡಿಗ್ರಿಯಲ್ಲಿ ಆವಿಯ ಪಾಲು ನೂರಕ್ಕೆ ಎರಡರಷ್ಟೂ ಇರುವುದಿಲ್ಲ. 40 ಡಿಗ್ರಿಯಲ್ಲಿ ಅದು ಏಳು ದಾಟುತ್ತದೆ. ಈ ಆವಿ ಇನ್ನೂ ಐದಾರು ಸೆಂ.ಮೀ. ಎತ್ತರ ಸೇರಿಸಬಲ್ಲದು. ಎರಡೂ ಸೇರಿದರೆ ಅರ್ಧ ಗೇಣಿಗೂ ಮಿಕ್ಕಿ ಡ್ರಮ್ ಏರುತ್ತದೆ, ಒಲೆಗೆ ಒಂದು ಹನಿ ಉರುವಲೂ ಹೆಚ್ಚಾಗದೆ. ಆವಿ ಉರಿಯುವುದಿಲ್ಲ, ಹಿಗ್ಗಿದ ಗ್ಯಾಸಿನಲ್ಲಿ ಮೀಥೇನ್ ಹೆಚ್ಚಾಗಿರುವುದಿಲ್ಲ. ಅವ್ವ ಇಷ್ಟನ್ನೂ ಕೇಳಿ ಹೇಳಿದ್ದು ಒಂದೇ ಮಾತು: ‘ಅಂದ್ರ ಹಾಲಿಗಿ ನೀರ ಹಾಕಿದಂಗ.’

ಕೆ.ಜಿ.ಯಲ್ಲಿ ಮಾರುವ ಗ್ಯಾಸ್

ಗಾತ್ರ ಬೇರೆ, ಸರಕು ಬೇರೆ. ಪೇಟೆಗೆ ಇದು ಚೆನ್ನಾಗಿ ಗೊತ್ತು. ಮನೆಯ ಸಿಲಿಂಡರ್ 14.2 ಕೆ.ಜಿ., ಲೀಟರ್ ಅಲ್ಲ. ಆಟೊಗಳಿಗೆ ತುಂಬುವ ಸಿಎನ್‌ಜಿ ಕೂಡ ಕೆ.ಜಿ. ಲೆಕ್ಕದಲ್ಲೇ ಮಾರಾಟವಾಗುತ್ತದೆ. ಗಾತ್ರದಲ್ಲಿ ಮಾರಿದರೆ ಬೆಳಿಗ್ಗೆ ಕೊಂಡವನಿಗೊಂದು, ಮಧ್ಯಾಹ್ನ ಕೊಂಡವನಿಗೊಂದು ನ್ಯಾಯವಾಗುತ್ತದೆ. ನಗರಗಳಲ್ಲಿ ಪೈಪಿನ ಮೂಲಕ ಬರುವ ಗ್ಯಾಸನ್ನು ಮಾತ್ರ ಘನ ಮೀಟರಿನಲ್ಲಿ ಲೆಕ್ಕ ಹಾಕುತ್ತಾರೆ. ಆದರೆ ಅದಕ್ಕೆ ‘ಸ್ಟ್ಯಾಂಡರ್ಡ್’ ಘನ ಮೀಟರ್ ಎಂದು ಹೆಸರು. 15 ಡಿಗ್ರಿಯಲ್ಲಿ, ಸಮುದ್ರ ಮಟ್ಟದ ವಾಯು ಒತ್ತಡದಲ್ಲಿ ಅದು ಎಷ್ಟಿರುತ್ತದೋ ಅಷ್ಟು ಎಂದರ್ಥ. ತಾಪಮಾನ ಹೇಳದೆ ಗ್ಯಾಸಿನ ಗಾತ್ರ ಹೇಳಿದರೆ ಅದು ಅರ್ಧ ಮಾತು.

ಎಂಜಿನ್ನಿಗೂ ಇದೇ ಕಥೆ. ಟ್ರ್ಯಾಕ್ಟರಿನ ಸಿಲಿಂಡರ್ ಪ್ರತಿ ಸಲ ಒಳಗೆಳೆದುಕೊಳ್ಳುವುದು ಒಂದೇ ಗಾತ್ರದ ಗಾಳಿ. ಮೇ ತಿಂಗಳಲ್ಲಿ ಆ ಗಾತ್ರದೊಳಗೆ ಡಿಸೆಂಬರ್ ಬೆಳಗಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ ಗಾಳಿ ಇರುತ್ತದೆ, ಅಷ್ಟೇ ಕಡಿಮೆ ಆಮ್ಲಜನಕ. ಟರ್ಬೊ ಇರುವ ಎಂಜಿನ್‌ಗಳಲ್ಲಿ ಗಾಳಿಯನ್ನು ಒತ್ತಿದ ಮೇಲೆ ಇಂಟರ್‌ಕೂಲರ್ ಎಂಬ ಭಾಗದಲ್ಲಿ ತಣ್ಣಗೆ ಮಾಡಿ ಕಳಿಸುವುದು ಇದಕ್ಕಾಗಿಯೇ. ತಣ್ಣಗಾದರೆ ಅದೇ ಜಾಗದಲ್ಲಿ ಹೆಚ್ಚು ಗಾಳಿ ಹಿಡಿಸುತ್ತದೆ.

ಚಳಿಗಾಲದ ದೊಡ್ಡ ಕಳ್ಳ

ಆದರೆ ಎಲ್ಲ ತಪ್ಪನ್ನೂ ಚಾರ್ಲ್ಸ್ ನಿಯಮದ ತಲೆಗೆ ಕಟ್ಟುವುದು ನ್ಯಾಯವಲ್ಲ. ಚಳಿಗಾಲದಲ್ಲಿ ರೊಟ್ಟಿ ಅರ್ಧಕ್ಕೇ ಗ್ಯಾಸ್ ಮುಗಿಯಲು ದೊಡ್ಡ ಕಾರಣ ಬೇರೆಯೇ ಇದೆ. ಸಗಣಿಯನ್ನು ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳಿಗೆ 35 ಡಿಗ್ರಿಯ ಆಸುಪಾಸಿನ ಬಿಸಿ ಹಿತ. 20ಕ್ಕಿಂತ ಕೆಳಗಿಳಿದರೆ ಅವುಗಳ ಕೆಲಸ ನಿಧಾನ, ಹತ್ತರ ಹತ್ತಿರ ಬಂದರೆ ಬಹುತೇಕ ನಿಂತಂತೆ. ಗ್ಯಾಸ್ ಕುಗ್ಗುವುದು ಕಣ್ಣಿನ ಮೋಸ. ಗ್ಯಾಸ್ ಹುಟ್ಟದೆ ಇರುವುದು ನಿಜವಾದ ನಷ್ಟ. ಎರಡೂ ಡ್ರಮ್ಮನ್ನು ಕೆಳಗಿಳಿಸುತ್ತವೆ, ಹಾಗಾಗಿ ನಮಗೆ ಒಂದೇ ಎನಿಸುತ್ತವೆ.

ಇದಕ್ಕೆ ನಮ್ಮದೇ ರಾಜ್ಯದಲ್ಲಿ ಒಳ್ಳೆಯ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳ ತಂತ್ರಜ್ಞಾನಕ್ಕೆಂದೇ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ಅದರ ಹಿಂದಿದ್ದ ಪ್ರೊ. ಎ.ಕೆ.ಎನ್. ರೆಡ್ಡಿ ಮತ್ತು ಅವರ ಸಂಗಡಿಗರು ಗೋಬರ್ ಗ್ಯಾಸಿನ ಘಟಕದಿಂದ ಬಿಸಿ ಎಲ್ಲೆಲ್ಲಿ ಹೊರಗೆ ಹೋಗುತ್ತದೆ ಎಂದು ಲೆಕ್ಕ ಹಾಕಿದರು. ಡ್ರಮ್ಮಿನ ನೆತ್ತಿಯ ಮೇಲೆಯೇ ನೀರು ನಿಲ್ಲಿಸಿ, ಅದಕ್ಕೆ ಪಾರದರ್ಶಕ ಹೊದಿಕೆ ಹಾಕಿ, ಬಿಸಿಲಿಗೆ ಕಾದ ಆ ನೀರಿನಲ್ಲೇ ಸಗಣಿ ಕಲಸಿ ಒಳಗೆ ಬಿಡುವ ಮಾದರಿಯನ್ನು 70ರ ದಶಕದ ಕೊನೆಯಲ್ಲೇ ಮಾಡಿ ತೋರಿಸಿದರು. ಮುಂದೆ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ 1987ರಿಂದ ಊರಿಗೆಲ್ಲ ಸೇರಿದ ಗೋಬರ್ ಗ್ಯಾಸ್ ಘಟಕದಿಂದ ಕರೆಂಟು ಮಾಡಿ ದೀಪ ಹಚ್ಚಿದರು, ನೀರು ಎತ್ತಿದರು.

ನಮ್ಮ ಮನೆಯಲ್ಲಿ ಅಷ್ಟೆಲ್ಲ ಮಾಡಲಿಲ್ಲ. ಒಂದು ಕಪ್ಪು ಪ್ಲಾಸ್ಟಿಕ್ ಬ್ಯಾರಲ್ಲಿನಲ್ಲಿ ನೀರು ತುಂಬಿ ಹಗಲೆಲ್ಲ ಬಿಸಿಲಿಗೆ ಇಟ್ಟು, ಸಂಜೆ ಆ ನೀರಿನಲ್ಲಿ ಸಗಣಿ ಕಲಸುತ್ತೇವೆ. ರಾತ್ರಿ ಡ್ರಮ್ಮಿನ ಮೇಲೆ ಕಣಿಕೆಯ ಹೊದಿಕೆ. ಅದನ್ನು ಬೆಳಿಗ್ಗೆ ತೆಗೆಯುವುದು ಕಾಕಾನ ಪಾಲಿನ ಕೆಲಸ. ಮುಚ್ಚುವ ಮಾತು ಅವನು ಮತ್ತೆ ಎತ್ತಿಲ್ಲ.

ಪ್ಯಾರಿಸ್ಸಿನಿಂದ ಜಲಸಂಗಿಯವರೆಗೆ

ಇಷ್ಟಕ್ಕೂ ಈ ಚಾರ್ಲ್ಸ್ ಯಾರು? ಝಾಕ್ ಚಾರ್ಲ್ಸ್ ಫ್ರಾನ್ಸಿನವರು. 1783ರಲ್ಲಿ ಮಾಂಗಾಲ್ಫಿಯೆ ಸಹೋದರರು ಬಿಸಿ ಗಾಳಿ ತುಂಬಿದ ಬಲೂನು ಹಾರಿಸಿದಾಗ, ಚಾರ್ಲ್ಸ್ ಜಲಜನಕ ತುಂಬಿದ ಬಲೂನು ಮಾಡಿದರು. ಆಗಸ್ಟ್ 27ರಂದು ಪ್ಯಾರಿಸ್ಸಿನಿಂದ ಹಾರಿದ ಅವರ ಮೊದಲ ಬಲೂನಿನಲ್ಲಿ ಯಾರೂ ಇರಲಿಲ್ಲ. ಅದು ಗೊನೆಸ್ ಎಂಬ ಹಳ್ಳಿಯಲ್ಲಿ ಬಿದ್ದಾಗ ಅಲ್ಲಿನ ರೈತರು ಹೆದರಿ, ಕೈಗೆ ಸಿಕ್ಕ ಹತಾರಗಳಿಂದ ಅದನ್ನು ಚುಚ್ಚಿ ಹರಿದುಹಾಕಿದರು. ಅದೇ ವರ್ಷ ಡಿಸೆಂಬರ್ 1ರಂದು ಚಾರ್ಲ್ಸ್ ಸ್ವತಃ ಬಲೂನು ಹತ್ತಿ ಹಾರಿದರು.

ಅನಿಲಗಳು ಬಿಸಿಗೆ ಹಿಗ್ಗುವ ಬಗ್ಗೆ ಅವರು 1787ರ ಸುಮಾರಿಗೆ ಪ್ರಯೋಗ ಮಾಡಿದ್ದರು, ಆದರೆ ಪ್ರಕಟಿಸಲಿಲ್ಲ. 1802ರಲ್ಲಿ ಗೇ-ಲುಸಾಕ್ ಎಂಬ ಇನ್ನೊಬ್ಬ ಫ್ರೆಂಚ್ ವಿಜ್ಞಾನಿ ತನ್ನ ಅಳತೆಗಳನ್ನು ಪ್ರಕಟಿಸುವಾಗ, ಚಾರ್ಲ್ಸ್ ಇದನ್ನು ಮೊದಲೇ ಕಂಡಿದ್ದರು ಎಂದು ಬರೆದರು. ನಿಯಮಕ್ಕೆ ಚಾರ್ಲ್ಸ್ ಹೆಸರು ನಿಂತದ್ದು ಆ ಮಾತಿನಿಂದ. ಗೇ-ಲುಸಾಕ್ ಅಳತೆಯಂತೆ ಸೊನ್ನೆ ಡಿಗ್ರಿಯ ನೂರು ಪಾಲು ಅನಿಲ ನೂರು ಡಿಗ್ರಿಗೆ 137.5 ಪಾಲು ಆಗುತ್ತಿತ್ತು. ಮುಂದಿನವರು ಇನ್ನೂ ನಿಖರವಾಗಿ ಅಳೆದಾಗ ಅದು 136.6ಕ್ಕೆ ಬಂತು. ಡಿಗ್ರಿಗೊಂದು ಕೊಡದ ಲೆಕ್ಕದಲ್ಲಿ 273 ಎಂಬ ಅಂಕಿ ಗಟ್ಟಿಯಾದದ್ದು ಹೀಗೆ.

ಬಲೂನಿನ ಕಥೆ ಫ್ರಾನ್ಸಿನಲ್ಲೇ ಮುಗಿಯಲಿಲ್ಲ. ನಮ್ಮ ಕಲ್ಯಾಣ ಕರ್ನಾಟಕದ ಆಕಾಶಕ್ಕೂ ಅದು ಬಂದಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರ ಇರುವುದು ಹೈದರಾಬಾದಿನಲ್ಲಿ. ಅಲ್ಲಿಂದ ಜಲಜನಕ ತುಂಬಿದ ದೊಡ್ಡ ದೊಡ್ಡ ಪ್ಲಾಸ್ಟಿಕ್ ಬಲೂನುಗಳು ವೈಜ್ಞಾನಿಕ ಉಪಕರಣ ಹೊತ್ತು 30 ಕಿ.ಮೀ.ಗೂ ಮೇಲೆ ಹೋಗುತ್ತವೆ. ಕೆಲಸ ಮುಗಿದ ಮೇಲೆ ಉಪಕರಣಗಳು ಪ್ಯಾರಾಚೂಟಿನಲ್ಲಿ ಇಳಿಯುತ್ತವೆ. ಬಿದ್ದ ವಸ್ತುಗಳನ್ನು ಮುಟ್ಟಬೇಡಿ, ಅದರ ಮೇಲಿರುವ ವಿಳಾಸಕ್ಕೆ ತಿಳಿಸಿ ಎಂಬ ಪ್ರಕಟಣೆ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಅಂಥದ್ದೊಂದು ಬಲೂನು ಮನೆಯೊಂದರ ಮೇಲೇ ಬಿದ್ದಾಗ ಊರಿಗೆ ಊರೇ ಗಾಬರಿಯಾಗಿತ್ತು. ಗೊನೆಸ್ಸಿನ ರೈತರ ಗಾಬರಿಗೂ ಇದಕ್ಕೂ 240 ವರ್ಷಗಳ ಅಂತರ.

ಈ ಬಲೂನುಗಳಿಗೂ ನಮ್ಮ ಡ್ರಮ್ಮಿಗೂ ಹತ್ತಿರದ ನಂಟಿದೆ. ಇವುಗಳ ಒಳಗಿನ ಒತ್ತಡವೂ ಹೊರಗಿನ ಒತ್ತಡವೂ ಹೆಚ್ಚೂಕಡಿಮೆ ಒಂದೇ. ಮೇಲೇರುವಾಗ ಹೊರಗಿನ ಒತ್ತಡ ನೆಲದ ಮಟ್ಟದ ನೂರರಲ್ಲೊಂದು ಪಾಲಿನಷ್ಟಕ್ಕೆ ಇಳಿಯುವುದರಿಂದ ಬಲೂನು ಉಬ್ಬುತ್ತದೆ. ಅದು ಬಾಯ್ಲ್ ನಿಯಮದ ಪಾಲು. ಆದರೆ ಮೇಲೆ ಒಂದು ಎತ್ತರದಲ್ಲಿ ತೇಲುತ್ತಿರುವಾಗ ಸೂರ್ಯ ಮುಳುಗಿದರೆ ಒಳಗಿನ ಅನಿಲ ತಣ್ಣಗಾಗಿ ಕುಗ್ಗುತ್ತದೆ, ಬಲೂನು ಇಳಿಯತೊಡಗುತ್ತದೆ. ಮೇಲೆಯೇ ಉಳಿಯಬೇಕಾದರೆ ಹೊತ್ತ ತೂಕದಲ್ಲಿ ಸ್ವಲ್ಪ ಚೆಲ್ಲಬೇಕು. ಸಂಜೆಯಾದರೆ ಇಳಿಯುವ ನಮ್ಮ ಡ್ರಮ್ಮಿನ ಕಥೆಯೇ ಅಲ್ಲೂ ನಡೆಯುತ್ತದೆ, 30 ಕಿ.ಮೀ. ಎತ್ತರದಲ್ಲಿ.

ಪತ್ರಾಸಿನ ಕೆಳಗೆ

ಈ ನಿಯಮದಿಂದ ನಮ್ಮ ಊರಿನವರಿಗೆ ಅಡುಗೆಯ ಗ್ಯಾಸಿಗಿಂತ ಹೆಚ್ಚು ಉಪಯೋಗ ಆಗಬಹುದಾದ ಜಾಗ ಇನ್ನೊಂದಿದೆ. ಅದು ತಲೆಯ ಮೇಲಿನ ಸೂರು.

ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಸಾವಿರ ಲೀಟರ್ ಗಾಳಿ ಇರುತ್ತದೆ. ಬೇಸಿಗೆಯಲ್ಲಿ ಅದು 30 ಡಿಗ್ರಿಯಿಂದ 42ಕ್ಕೆ ಏರಿದರೆ 303 ಪಾಲು ಇದ್ದದ್ದು 315 ಆಗುತ್ತದೆ. ಹೆಚ್ಚಾದ 1,300 ಲೀಟರಿಗೂ ಮಿಕ್ಕ ಗಾಳಿಗೆ ಕೋಣೆಯಲ್ಲಿ ಜಾಗವಿಲ್ಲ. 15 ಲೀಟರಿನ ಕೊಡದಲ್ಲಿ ಅಳೆದರೆ ಹತ್ತಿರ ಹತ್ತಿರ 90 ಕೊಡ. ಬಾಗಿಲ ಸಂದಿಯಿಂದಲೋ ಕಿಟಕಿಯಿಂದಲೋ ಅದು ಹೊರಗೆ ಹೋಗಲೇಬೇಕು. ಉಳಿದ ಗಾಳಿ ಹಗುರವಾಗಿರುತ್ತದೆ. ಅದರಲ್ಲೂ ಹೆಚ್ಚು ಬಿಸಿಯಾದದ್ದು ಎಲ್ಲಕ್ಕಿಂತ ಮೇಲೆ ಹೋಗಿ ಸೂರಿಗೆ ಅಂಟಿಕೊಳ್ಳುತ್ತದೆ.

ಹಳೆಯ ಮಾಳಿಗೆ ಮನೆಗಳಲ್ಲಿ ಮಣ್ಣಿನ ದಪ್ಪ ಸೂರು ಬಿಸಿಲನ್ನೇ ತಡೆಯುತ್ತಿತ್ತು. ಮೇಲಿದ್ದ ಬೆಳಕಿಂಡಿಯಿಂದ ಹೊಗೆಯೂ ಬಿಸಿ ಗಾಳಿಯೂ ಹೊರಗೆ ಹೋಗುತ್ತಿದ್ದವು. ಈಗ ಎಲ್ಲೆಲ್ಲೂ ಪತ್ರಾಸಿನ ಶೆಡ್‌ಗಳು. ಹೊಲದಲ್ಲಿ ಇರುವವರು ಅದರಲ್ಲೇ ಇರುತ್ತಾರೆ. ದುಡಿಯಲು ಗೋವಾ, ಪುಣೆ, ಮಂಗಳೂರಿಗೆ ಹೋಗುವ ನಮ್ಮ ಜಿಲ್ಲೆಯವರಲ್ಲಿ ಎಷ್ಟೋ ಮಂದಿ ಅಲ್ಲಿಯೂ ಅಂಥದ್ದರಲ್ಲೇ ಮಕ್ಕಳನ್ನು ಮಲಗಿಸುತ್ತಾರೆ. ಈ ಶೆಡ್‌ಗಳಿಗೆ ಕಿಟಕಿ ಇರುತ್ತದೆ, ಆದರೆ ಅದರ ಮೇಲಂಚು ಸೂರಿಗಿಂತ ಎರಡು ಮೂರು ಅಡಿ ಕೆಳಗಿರುತ್ತದೆ. ಕಿಟಕಿಗೂ ಸೂರಿಗೂ ನಡುವೆ ಕಾದ ಗಾಳಿ ಇಡೀ ಮಧ್ಯಾಹ್ನ ಕಟ್ಟಿಹಾಕಿದಂತೆ ನಿಂತಿರುತ್ತದೆ.

ಮಾಡಬೇಕಾದದ್ದು ಇಷ್ಟೇ. ತಗಡು ಗೋಡೆಗೆ ಸೇರುವ ಎತ್ತರದ ಬದಿಯಲ್ಲಿ ಒಂದು ಗೇಣು ಕಿಂಡಿ ಬಿಡುವುದು, ಅದಕ್ಕೆ ಜಾಳಿಗೆ ಹಾಕುವುದು, ಎದುರು ಗೋಡೆಯ ಬುಡದಲ್ಲಿ ಗಾಳಿ ಒಳಬರಲು ದಾರಿ ಇಡುವುದು. ಹಗುರ ಗಾಳಿ ಮೇಲಿನಿಂದ ಹೋಗುತ್ತದೆ, ಅದಕ್ಕಿಂತ ತಣ್ಣನೆಯದು ಕೆಳಗಿನಿಂದ ಬರುತ್ತದೆ. ಫ್ಯಾನು ಬೇಡ, ಕರೆಂಟು ಬೇಡ. ಕಾದ ತಗಡಿನಿಂದ ನೇರವಾಗಿ ಬಡಿಯುವ ಝಳಕ್ಕೆ ಇದು ಮದ್ದಲ್ಲ ನಿಜ. ಅದಕ್ಕೆ ಮೇಲೆ ಕಣಿಕೆ ಹೊದಿಸಬೇಕು ಇಲ್ಲವೇ ಬಿಳಿ ಸುಣ್ಣ ಬಳಿಯಬೇಕು. ಆದರೆ ಕೂಡಿಹಾಕಿದ ಬಿಸಿ ಗಾಳಿಯಾದರೂ ಹೊರಗೆ ಹೋಗುತ್ತದೆ.

ಈ ಲೆಕ್ಕವನ್ನು ಗೋಲಗುಮ್ಮಟಕ್ಕೂ ಹಾಕಿ ನೋಡಿದೆ. 1656ರ ಈ ಕಟ್ಟಡದ ಒಳನೆಲ ಸುಮಾರು 1,700 ಚದರ ಮೀಟರ್. ಪಿಸುಗುಟ್ಟುವ ಗ್ಯಾಲರಿ ಇರುವುದು ನೆಲದಿಂದ 33 ಮೀಟರ್ ಎತ್ತರದಲ್ಲಿ, ಅದರ ಮೇಲೆ ಗುಮ್ಮಟ. ಒಳಗಿನ ಗಾಳಿ ಅಂದಾಜು 60 ಸಾವಿರ ಘನ ಮೀಟರ್ ಎಂದಿಟ್ಟುಕೊಳ್ಳೋಣ. ಸುಮಾರು 3 ಮೀಟರ್ ದಪ್ಪದ ಗೋಡೆ ಇರುವುದರಿಂದ ಒಳಗಿನ ಬಿಸಿ ಒಂದೇ ದಿನದಲ್ಲಿ ಹೆಚ್ಚು ಬದಲಾಗಲಾರದು. ಆದರೆ ಚಳಿಗಾಲದಿಂದ ಬೇಸಿಗೆಗೆ ಅದು 25ರಿಂದ 35 ಡಿಗ್ರಿಗೆ ಏರಿತು ಎಂದುಕೊಂಡರೆ ಸುಮಾರು 20 ಲಕ್ಷ ಲೀಟರ್ ಗಾಳಿ ಬಾಗಿಲು, ಕಿಂಡಿಗಳಿಂದ ಹೊರಗೆ ಬರಬೇಕು. ತೂಗಿದರೆ ಎರಡು ಟನ್ ದಾಟುತ್ತದೆ. ಚಳಿ ಬಂದಾಗ ಅಷ್ಟೇ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಏಳು ಸಲ ಪ್ರತಿಧ್ವನಿ ಕೇಳಲು ಹೋಗುವ ನಾವು, ಗುಮ್ಮಟ ವರ್ಷಕ್ಕೊಮ್ಮೆ ಎಳೆದು ಬಿಡುವ ಈ ಉಸಿರನ್ನು ಗಮನಿಸುವುದೇ ಇಲ್ಲ.

ನೀವೂ ಮಾಡಿ ನೋಡಿ

ಇದಕ್ಕೆ ಲ್ಯಾಬ್ ಬೇಕಿಲ್ಲ. ಒಂದು ಲೀಟರಿನ ಖಾಲಿ ಗಾಜಿನ ಬಾಟಲಿಯ ಬಾಯಿಗೆ ಜಾತ್ರೆಯ ಪುಗ್ಗಾ ಸಿಕ್ಕಿಸಿ. ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಇಟ್ಟು, ಸ್ವಲ್ಪ ಸ್ವಲ್ಪವೇ ಬಿಸಿ ನೀರು ಸೇರಿಸಿ. ಒಳಗಿನ ಗಾಳಿ 25ರಿಂದ 65 ಡಿಗ್ರಿಗೆ ಬಂದರೆ ಸುಮಾರು 130 ಮಿ.ಲೀ. ಗಾಳಿ ಮೇಲೆ ಬಂದು ಜೋತುಬಿದ್ದ ಪುಗ್ಗಾವನ್ನು ಎಬ್ಬಿಸಿ ನಿಲ್ಲಿಸುತ್ತದೆ. ತಣ್ಣೀರಿಗೆ ಇಟ್ಟರೆ ಮತ್ತೆ ಮಲಗುತ್ತದೆ. ಊರಿನ ಶಾಲೆಯಲ್ಲಿ ಇದನ್ನು ತೋರಿಸಿದಾಗ ಏಳನೇ ಇಯತ್ತೆಯ ಹುಡುಗನೊಬ್ಬ ಕೇಳಿದ: ‘ಅಕ್ಕಾ, ಇದ ನಮ್ಮ ಗೋಬರ್ ಗ್ಯಾಸಿನ ಡ್ರಮ್ಮಿನಂಗ ಅಲ್ಲೇನ್ರಿ?’

ಪಿಯುಸಿಗೆ ಬಂದು ವಿಜ್ಞಾನ ಇಂಗ್ಲಿಷಿನಲ್ಲಿ ಶುರುವಾದಾಗ, ಇದು ನಮ್ಮದಲ್ಲ ಎಂದುಕೊಂಡು ಆರ್ಟ್ಸಿಗೆ ಬದಲಾದ ಗೆಳತಿಯರು ನನಗಿದ್ದಾರೆ. ಅವರ ಮನೆಗಳಲ್ಲೂ ಡ್ರಮ್ ಇತ್ತು, ಬೆಳಕಿಂಡಿ ಇತ್ತು, ಆಯಿಯಂಥವರು ಇದ್ದರು. ಪಾಠ ಅಲ್ಲಿಂದ ಶುರುವಾಗಿದ್ದರೆ ಅವರಲ್ಲಿ ಕೆಲವರಾದರೂ ಈಗ ನನ್ನ ಪಕ್ಕದ ಬೆಂಚಿನಲ್ಲಿ ಇರುತ್ತಿದ್ದರು. ಆ ಹುಡುಗನಿಗೆ ಫಾರ್ಮುಲಾ ಇನ್ನೂ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಅದು ಅವನಿಗೆ ಹೊಸದಾಗಿರುವುದಿಲ್ಲ.